ಕಾರ್ಡಿಫ್‌ನ ರಾತ್ರಿ, ಬಾಗಿಲಲ್ಲಿ ನನ್ನ ಮಗ

ಮಾರ್ಚ್‌ನಲ್ಲಿ ಒಂದು ದಿನ ವಿಡಿಯೊ ಕಾಲ್ ಮಾಡಿದಾಗ ಮಗನ ಹುಬ್ಬಿನ ಮೇಲೆ ಪ್ಲಾಸ್ಟರ್ ಕಂಡಿತು. ‘ಏನೋ ಅದು?’ ಅಂದೆ. ‘ಕಬೋರ್ಡ್ ಬಾಗ್ಲು ತಗುಲ್ತು ಅಮ್ಮಾ’ ಅಂದ. ಸುಳ್ಳು ಹೇಳುವಾಗ ಎಡಗೈಯಿಂದ ಕಿವಿ ಮುಟ್ಟಿಕೊಳ್ಳುವುದು ಅವನಿಗೆ ಚಿಕ್ಕಂದಿನಿಂದ ಅಭ್ಯಾಸ. ಅವತ್ತೂ ಮುಟ್ಟಿಕೊಂಡ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ಸುಮ್ಮನಾದೆ, ಆದರೆ ಮರೆಯಲಿಲ್ಲ.

ಜೂನ್‌ನಲ್ಲಿ ನಾನೂ ನಮ್ಮ ಯಜಮಾನರೂ ಹಾಸನದಿಂದ ಹೊರಟು ಅವನಿರುವ ಕಾರ್ಡಿಫ್‌ಗೆ ಹೋದೆವು. ಇದು ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದ ರಾಜಧಾನಿ. ಹೀಥ್ರೂನಿಂದ ಬಸ್ಸು. ಸೆವರ್ನ್ ನದಿಯ ಸೇತುವೆ ದಾಟಿದ ಕೂಡಲೇ ಬೋರ್ಡುಗಳೆಲ್ಲ ಎರಡು ಭಾಷೆಗೆ ತಿರುಗಿದವು. ರಸ್ತೆಯ ಮೇಲೆ ದೊಡ್ಡದಾಗಿ ‘ಅರಾಫ್’, ಅದರ ಜೊತೆಗೆ ‘ಸ್ಲೋ’. ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದ ಇವರಿಗೆ ಬೋರ್ಡು ಓದುವುದೇ ಚಟ. ‘ನೋಡೇ, ಇಂಗ್ಲಿಷ್ನೋರ ಪಕ್ಕದಲ್ಲೇ ಕೂತ್ಕೊಂಡು ತಮ್ ಭಾಷೆ ಉಳಿಸ್ಕೊಂಡವ್ರೆ’ ಎಂದು ಖುಷಿಪಟ್ಟರು.

ಎರಡನೇ ದಿನ ರಾತ್ರಿ ಅನ್ನ ಸಾರು ಬಡಿಸುತ್ತಿದ್ದೆ. ಮಗ ತಲೆ ತಗ್ಗಿಸಿಕೊಂಡೇ ಹೇಳಿದ. ಎಂಎಸ್ಸಿ ಮುಗಿದಿದೆ, ಇನ್ನೂ ವೀಸಾ ಇದೆ, ಓದಿಗೆ ತಕ್ಕ ಕೆಲಸ ಸಿಕ್ಕಿಲ್ಲ. ಶುಕ್ರವಾರ, ಶನಿವಾರ ರಾತ್ರಿ ಒಂದು ನೈಟ್‌ಕ್ಲಬ್ಬಿನ ಬಾಗಿಲಲ್ಲಿ ಸೆಕ್ಯುರಿಟಿ ಕೆಲಸ ಮಾಡುತ್ತಿದ್ದಾನೆ. ಹುಬ್ಬಿಗೆ ತಗುಲಿದ್ದು ಕಬೋರ್ಡಲ್ಲ, ಕುಡಿದ ಹುಡುಗನೊಬ್ಬನ ಕೈಯ ಉಂಗುರ. ಮೂರು ಹೊಲಿಗೆ.

‘ನಿಮ್ಮಪ್ಪ ಪಿಎಫ್ ದುಡ್ಡು ತೆಗ್ದು ಓದ್ಸಿದ್ದು ಬಾರ್ ಬಾಗ್ಲು ಕಾಯಕ್ಕೇನೋ?’ ಅಂದುಬಿಟ್ಟೆ. ಅನ್ನಬಾರದಿತ್ತು. ಅವನು ಕೈ ತೊಳೆದುಕೊಂಡು ಬಂದು, ‘ಒಂದ್ಸಲ ಬಂದು ನೋಡಮ್ಮ, ಆಮೇಲೆ ಬೈಯಿ’ ಅಂದ.

ಶನಿವಾರ ಹೊರಟೆವು. ಊರು ನಡೆದೇ ನೋಡುವಂಥದ್ದು. ಕೋಟೆ ಊರ ನಡುವೆಯೇ ಇದೆ. ಅಲ್ಲಿಂದ ಸ್ವಲ್ಪ ದೂರಕ್ಕೆ ಸುಮಾರು 74,000 ಜನ ಕೂರುವ ರಗ್ಬಿ ಕ್ರೀಡಾಂಗಣ. ಕೋಟೆಯೆದುರಿನ ವೊಮನ್‌ಬಿ ಬೀದಿಯಲ್ಲಿ ‘ಕ್ಲಬ್ ಇವೊರ್ ಬಾಕ್’ ಎಂಬ ಸಂಗೀತದ ಕ್ಲಬ್ಬು. ವೆಲ್ಷ್ ಮಾತಾಡುವವರು ತಮ್ಮ ಭಾಷೆಯಲ್ಲೇ ಹಾಡಿ ಕುಣಿಯಲು ಒಂದು ಜಾಗ ಬೇಕೆಂದು 1983ರಲ್ಲಿ ಕಟ್ಟಿಕೊಂಡದ್ದು. ಕೆಳಗೆ ಸೇಂಟ್ ಮೇರಿ ಬೀದಿ. ಹಗಲು ನೋಡಿದರೆ ಹಳೆಯ ಕಲ್ಲಿನ ಕಟ್ಟಡಗಳು, ಗಾಜಿನ ಸೂರಿನ ಅಂಗಡಿ ಸಾಲು. ರಾತ್ರಿಯಾದರೆ ಊರಿನ ಕುಡಿತ, ಕುಣಿತ ಎಲ್ಲ ಅಲ್ಲೇ.

ಸಂಜೆ ಆರಕ್ಕೆ, ತೆರೆಯುವ ಮೊದಲು, ಮ್ಯಾನೇಜರನ್ನು ಕೇಳಿ ಮಗ ನಮ್ಮನ್ನು ಕ್ಲಬ್ಬಿನೊಳಗೆ ಕರೆದುಕೊಂಡು ಹೋದ. ಬೆಳಗಿನ ಹೊತ್ತು ಖಾಲಿ ಟಾಕೀಸಿನೊಳಗೆ ಹೋದ ಹಾಗಿತ್ತು. ಹಳಸಿದ ಬಿಯರು, ನೆಲ ಒರೆಸಿದ ಫಿನಾಯಿಲು ಎರಡರದೂ ವಾಸನೆ. ನಾನು ಮೂಗು ಮುಚ್ಚಿಕೊಂಡೆ. ಇವರು ಮಾತ್ರ ಡಿಪೊದಲ್ಲಿ ಬಸ್ಸು ತಪಾಸಣೆ ಮಾಡುವವರಂತೆ ಮೂಲೆಮೂಲೆ ನೋಡಿದರು.

‘ಜಗಳ ಎಲ್ಲಿ ಶುರುವಾಗುತ್ತೆ ಹೇಳು’ ಎಂದು ಕೇಳಿದೆ. ಮಗ ಜಾಗಗಳನ್ನೇ ತೋರಿಸಿದ. ಟಾಯ್ಲೆಟ್ಟಿಗೆ ಹೋಗುವ ಕಿರಿದಾದ ದಾರಿ, ಮೆಟ್ಟಿಲ ಬುಡ, ಬಾರ್ ಕಟ್ಟೆಯ ಮುಂದಿನ ನೂಕುನುಗ್ಗಲು, ಕುಣಿಯುವ ಜಾಗದ ಅಂಚು. ಅಲ್ಲಿ ಒಬ್ಬನ ಮೊಣಕೈ ಇನ್ನೊಬ್ಬನಿಗೆ ತಗುಲಿ ಲೋಟ ಚೆಲ್ಲುತ್ತದೆ. ‘ತೊಂಬತ್ತು ಭಾಗ ಅಷ್ಟೇ ಅಮ್ಮಾ, ಚೆಲ್ಲಿದ್ ಡ್ರಿಂಕು.’ ಆದ್ದರಿಂದ ಅವನ ಜೊತೆಗಾರರು ನಿಲ್ಲುವುದು ಆ ಜಾಗಗಳಲ್ಲೇ. ಖಾಲಿ ಲೋಟಗಳನ್ನು ಆಗಾಗ ಎತ್ತುತ್ತಲೇ ಇರುತ್ತಾರೆ. ಅವು ಗಾಜಿನವಲ್ಲ, ಒಡೆಯದ ಪ್ಲಾಸ್ಟಿಕ್ಕಿನವು.

ಆ ಲೋಟದ ಹಿಂದೆಯೂ ಒಂದು ಕಥೆಯಿದೆ. ಜೊನಾಥನ್ ಶೆಫರ್ಡ್ ಎಂಬುವರು ಕಾರ್ಡಿಫ್‌ನಲ್ಲಿ ಮುಖ, ದವಡೆಯ ಶಸ್ತ್ರಚಿಕಿತ್ಸಕರಾಗಿದ್ದರು. ಶನಿವಾರ ರಾತ್ರಿ ಮುಖ ಹರಿದುಕೊಂಡು ಬರುವವರಿಗೆ ಹೊಲಿಗೆ ಹಾಕುತ್ತಿದ್ದ ಅವರಿಗೆ ಒಂದು ವಿಷಯ ತಿಳಿಯಿತು: ಇವರಲ್ಲಿ ಬಹಳ ಜನರ ಪ್ರಕರಣ ಪೊಲೀಸರಿಗೆ ಗೊತ್ತೇ ಆಗುತ್ತಿರಲಿಲ್ಲ. ಅವರ ಪ್ರಯತ್ನದಿಂದ ಆಸ್ಪತ್ರೆಯ ಕೌಂಟರಿನಲ್ಲೇ ಎಲ್ಲಿ ಹೊಡೆದರು, ಯಾವಾಗ, ಯಾವುದರಿಂದ ಎಂದು ಕೇಳಿ ಬರೆದುಕೊಳ್ಳುವ ಪದ್ಧತಿ ಬಂತು. ಗಾಯಾಳುವಿನ ಹೆಸರು ತೆಗೆದು, ಉಳಿದ ವಿವರವನ್ನು ಪೊಲೀಸರಿಗೂ ನಗರಸಭೆಗೂ ಕೊಡುತ್ತಾರೆ. ಯಾವ ಬೀದಿ, ಯಾವ ಬಾಗಿಲು, ಎಷ್ಟು ಗಂಟೆ ಎಂಬುದು ಹಾಗೆ ಗೊತ್ತಾಗುತ್ತದೆ. ಸುಲಭವಾಗಿ ಚೂರಾಗದ ಲೋಟ ಬಳಸಬೇಕೆಂದೂ ಅವರು ವಾದಿಸಿದರು. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನದ ಪ್ರಕಾರ, ಹೋಲಿಕೆಗೆ ತೆಗೆದುಕೊಂಡ ಬೇರೆ ನಗರಗಳ ಜೊತೆ ನೋಡಿದರೆ ಇಲ್ಲಿ ಹಲ್ಲೆಯಿಂದ ಗಾಯಗೊಂಡು ಆಸ್ಪತ್ರೆಗೆ ದಾಖಲಾಗುವವರು ಶೇ 42ರಷ್ಟು ಕಡಿಮೆಯಾದರು. ಈಗ ಬೇರೆ ದೇಶಗಳೂ ಇದನ್ನು ‘ಕಾರ್ಡಿಫ್ ಮಾದರಿ’ ಎಂದು ಕರೆದು ಬಳಸುತ್ತಿವೆ. ‘ನಂಗೂ ಕೇಳಿದ್ರು ಅಮ್ಮಾ, ಎಲ್ಲಿ, ಏನ್ ತಗುಲ್ತು ಅಂತ. ಉಂಗುರ ಅಂತ ಬರ್ಸಿದೆ’ ಅಂದ ಮಗ.

ಡಿಜೆ ಹುಡುಗ ತನ್ನ ಪೆಟ್ಟಿಗೆಗಳಿಗೆ ವೈರು ಸಿಕ್ಕಿಸುತ್ತಿದ್ದ. ಮಗನ ಮೂಲಕ ಅವನನ್ನೂ ಕೇಳಿದೆ. ಅವನು ಬೇಸರಪಡದೆ ಹೇಳಿದ. ಹಾಡಿಗಿಂತ ಜಾಸ್ತಿ ತಾನು ನೋಡುವುದು ನೆಲವನ್ನಂತೆ. ಎಲ್ಲಾದರೂ ತಳ್ಳಾಟ ಕಂಡರೆ ಸಂಗೀತವನ್ನು ತಟ್ಟನೆ ನಿಲ್ಲಿಸುವುದಿಲ್ಲ. ನಿಲ್ಲಿಸಿದರೆ ಎಲ್ಲರೂ ಆ ಕಡೆಯೇ ತಿರುಗುತ್ತಾರೆ, ಜಗಳಕ್ಕೆ ಪ್ರೇಕ್ಷಕರು ಸಿಕ್ಕಂತಾಗುತ್ತದೆ. ಬದಲಿಗೆ ಎಲ್ಲರಿಗೂ ಬಾಯಿಪಾಠ ಬರುವ ಹಳೆಯ ಹಾಡು ಹಾಕುತ್ತಾನೆ. ಅಷ್ಟರಲ್ಲಿ ವಾಕಿಟಾಕಿಯಲ್ಲಿ ಸುದ್ದಿ ಹೋಗಿ ಬಾಗಿಲಿನವರು ಒಳಗೆ ಬಂದಿರುತ್ತಾರೆ. ರಗ್ಬಿ ಪಂದ್ಯದ ದಿನ ಒಂದೇ ತಂಡದವರ ಹಾಡು ಹಾಕುವುದಿಲ್ಲ. ಕೊನೆಯ ಅರ್ಧ ಗಂಟೆ ವೇಗ ಇಳಿಸುತ್ತಾ ಬರುತ್ತಾನೆ, ದೀಪ ಸ್ವಲ್ಪಸ್ವಲ್ಪವೇ ಏರುತ್ತದೆ. ಜನ ಬೀದಿಗೆ ಇಳಿಯುವ ಹೊತ್ತಿಗೆ ಅವರ ಮೈಯ ಬಿಸಿಯೂ ಇಳಿದಿರಬೇಕು.

ಇವರು ನಕ್ಕರು. ‘ನಮ್ ಗಣಪತಿ ಆರ್ಕೆಸ್ಟ್ರಾದಲ್ಲೂ ಇದೇ ಕಣೇ. ಟಪಾಂಗುಚ್ಚಿ ಹಾಡಿಗೆ ಕಿತ್ತಾಟ ಶುರುವಾದ್ರೆ ಸಮಿತಿಯೋರು ಕೈ ಸನ್ನೆ ಮಾಡೋರು, ಗಾಯಕ ರಾಜ್‌ಕುಮಾರ್ ಭಕ್ತಿಗೀತೆ ಎತ್ಕೊಳ್ಳೋನು. ಎಂಥಾ ಪೋಲಿನೂ ತಣ್ಣಗಾಗೋನು.’

ಹೆಂಗಸರ ಟಾಯ್ಲೆಟ್ಟಿನಲ್ಲಿ ಒಂದು ಚೀಟಿ ಅಂಟಿಸಿದ್ದರು. ಯಾರಾದರೂ ಕಾಟ ಕೊಡುತ್ತಿದ್ದರೆ ಬಾರಿನ ಬಳಿ ಹೋಗಿ ‘ಆ್ಯಂಜೆಲಾ ಇದಾರಾ?’ ಎಂದು ಕೇಳಿದರೆ ಸಾಕು, ಸಿಬ್ಬಂದಿ ಸದ್ದಿಲ್ಲದೆ ಸಹಾಯ ಮಾಡುತ್ತಾರೆ. 2016ರಲ್ಲಿ ಲಿಂಕನ್‌ಷೈರ್‌ನಲ್ಲಿ ಶುರುವಾದ ಪದ್ಧತಿಯಂತೆ. ಜಗಳಗಳಲ್ಲಿ ಎಷ್ಟೋ ಹುಟ್ಟುವುದು ಹೆಣ್ಣುಮಕ್ಕಳಿಗೆ ಕೊಟ್ಟ ಕಾಟದಿಂದಲೇ ಅಲ್ಲವೇ?

ಬೌನ್ಸರ್ ಅಂದರೆ ಸಿನಿಮಾದಲ್ಲಿ ಬರುವ ಕರಿ ಟೀ ಶರ್ಟಿನ ದಾಂಡಿಗ ಎಂದೇ ನಾನು ತಿಳಿದಿದ್ದೆ. ನನ್ನ ಮಗ ಐದಡಿ ಆರಿಂಚು. ಇಲ್ಲಿ ಈ ಕೆಲಸಕ್ಕೆ 2001ರ ಕಾಯ್ದೆಯ ಪ್ರಕಾರ ಸರ್ಕಾರಿ ಪರವಾನಗಿ ಬೇಕು. ಅದಕ್ಕೆ ತರಬೇತಿ, ಪರೀಕ್ಷೆ, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು, ಹಿಂದೆ ಅಪರಾಧ ಮಾಡಿದ್ದಾನೆಯೇ ಎಂಬ ತಪಾಸಣೆ. ಪರವಾನಗಿ ಚೀಟಿ ಎಲ್ಲರಿಗೂ ಕಾಣುವಂತಿರಬೇಕು. ಕ್ಲಬ್ಬಿನ ಮಾಲೀಕರಿಗೂ ಭಯವಿದೆ. ಮತ್ತೆ ಮತ್ತೆ ಹೊಡೆದಾಟವಾದರೆ ಪೊಲೀಸರಾಗಲಿ ನೆರೆಹೊರೆಯವರಾಗಲಿ ದೂರು ಕೊಟ್ಟು ಲೈಸೆನ್ಸನ್ನೇ ಮರುಪರಿಶೀಲನೆಗೆ ತರಬಹುದು.

ರಾತ್ರಿ ಹತ್ತಕ್ಕೆ ನಾವಿಬ್ಬರೂ ಎದುರು ಬದಿಯಲ್ಲಿ ಸ್ವೆಟರ್ ಹಾಕಿಕೊಂಡು ನಿಂತೆವು. ಆಗಷ್ಟೇ ಕತ್ತಲಾಗುತ್ತಿತ್ತು. ಮದುಮಗಳಾಗುವ ಹುಡುಗಿಯೊಬ್ಬಳು ಎದೆಗೆ ರಿಬ್ಬನ್ ಕಟ್ಟಿಕೊಂಡು ಗೆಳತಿಯರ ಜೊತೆ ಹಾಡುತ್ತಾ ಹೋದಳು. ಮಗ ಬಾಗಿಲಲ್ಲಿ ಪ್ರತಿಯೊಬ್ಬರಿಗೂ ‘ಗುಡ್ ಈವ್ನಿಂಗ್’ ಅನ್ನುತ್ತಿದ್ದ. ಮರ್ಯಾದೆಗೆ ಅಷ್ಟೇ ಅಲ್ಲವಂತೆ. ಉತ್ತರ ಕೊಡುವ ನಾಲಿಗೆ ಎಷ್ಟು ತೊದಲುತ್ತದೆ ಎಂದು ಕೇಳಿಸಿಕೊಳ್ಳಲು.

ಹನ್ನೊಂದೂವರೆ ಹೊತ್ತಿಗೆ ಆರು ಹುಡುಗರ ಗುಂಪು ಬಂತು. ಒಬ್ಬ ನಿಲ್ಲಲಾರದೆ ತೂಗಾಡುತ್ತಿದ್ದ. ಮಗ ತಲೆ ಅಲ್ಲಾಡಿಸಿದ. ಹುಡುಗ ಮುಂದೆ ನುಗ್ಗಿ ಬೆರಳು ತೋರಿಸಿ ಕಿರುಚಿದ. ನನ್ನ ಎದೆ ಬಾಯಿಗೆ ಬಂತು. ಇವರ ಕೈ ಹಿಡಿದುಕೊಂಡೆ. ಮಗ ಅರ್ಧ ಹೆಜ್ಜೆ ಹಿಂದೆ ಸರಿದ. ಕೈಗಳೆರಡೂ ಬಿಚ್ಚಿದ ಹಾಗೇ ಸೊಂಟದ ಮಟ್ಟದಲ್ಲಿದ್ದವು. ಮುಟ್ಟಲಿಲ್ಲ. ಏನೋ ಕೇಳುತ್ತಾ ಕೇಳುತ್ತಾ ಅವನನ್ನು ಸಾಲಿನಿಂದ ಪಕ್ಕಕ್ಕೆ, ಗೋಡೆಯ ಕಡೆ ಕರೆತಂದ. ಸಾಲಿನವರಿಗೆ ನೋಡಲು ಏನೂ ಉಳಿಯಲಿಲ್ಲ.

‘ಹೆಸ್ರು ಕೇಳ್ತಿದಾನೆ’ ಎಂದರು ಇವರು. ‘ಲಾಸ್ಟ್ ಬಸ್ಸಲ್ಲಿ ನಾನೂ ಹಂಗೇ ಮಾಡ್ತಿದ್ದೆ. ಹೆಸ್ರು ಹೇಳ್ದೋನು ಹೊಡಿಯಕ್ಕೆ ಹಿಂದೆಮುಂದೆ ನೋಡ್ತಾನೆ.’

ಐದು ನಿಮಿಷಕ್ಕೆ ಆ ಹುಡುಗ ಗೋಡೆಗೊರಗಿ ಕೂತು ಅಳುತ್ತಿದ್ದ. ‘ಸ್ಟ್ರೀಟ್ ಪಾಸ್ಟರ್ಸ್’ ಎಂಬ ಚರ್ಚಿನ ಸ್ವಯಂಸೇವಕಿಯೊಬ್ಬರು, ನನ್ನದೇ ವಯಸ್ಸಿನವರು, ನೀರಿನ ಬಾಟಲಿ ಕೊಟ್ಟು ಪಕ್ಕದಲ್ಲಿ ಕೂತರು. ಹೈಹೀಲ್ಡ್ ಕಳಚಿ ಬರಿಗಾಲಲ್ಲಿ ನಡೆಯುವ ಹುಡುಗಿಯರಿಗೆ ಕೊಡಲು ಅವರ ಚೀಲದಲ್ಲಿ ಹವಾಯಿ ಚಪ್ಪಲಿಗಳೂ ಇದ್ದವು.

ಎಲ್ಲ ರಾತ್ರಿಯೂ ಹೀಗೆ ಮುಗಿಯುವುದಿಲ್ಲ ಎಂದು ಹುಬ್ಬಿನ ಗುರುತೇ ಹೇಳುತ್ತದೆ. ಮರುದಿನ ಕೇಳಿದೆ, ‘ನಿಮ್ ದೇಶಕ್ಕೆ ಹೋಗು ಅಂತಾರೇನೋ?’ ‘ಅಂತಾರೆ, ಕೆಲವ್ರು.’ ‘ನೀನೇನಂತೀಯ?’ ‘ಕೇಳಿಸ್ಲಿಲ್ಲ ಅಂದ್ಕೋತೀನಿ. ನಾನು ರೇಗಿದ್ರೆ ಬಾಗ್ಲು ನೋಡೋರು ಯಾರು?’ ಅಂದ. ಈ ಸಲ ಕಿವಿ ಮುಟ್ಟಿಕೊಳ್ಳಲಿಲ್ಲ. ಬಿಡು ಅನ್ನಲು ನನಗೆ ಬಾಯಿ ಬರಲಿಲ್ಲ. ಒಳ್ಳೆಯ ಕೆಲಸ ಸಿಕ್ಕ ದಿನವೇ ಬಿಡಬೇಕು ಎಂದಷ್ಟೇ ಮಾತು ತೆಗೆದುಕೊಂಡೆ.

ಊರಿಗೆ ಬಂದ ಮೇಲೆ ನಮ್ಮಕ್ಕ ಫೋನಿನಲ್ಲಿ ಕೇಳಿದಳು, ‘ಮಗ ಏನ್ ಕೆಲ್ಸದಲ್ಲಿದಾನೆ?’ ಮೊದಲಾಗಿದ್ದರೆ ಏನಾದರೂ ಸೇರಿಸಿ ಹೇಳುತ್ತಿದ್ದೆ. ‘ರಾತ್ರಿ ಕ್ಲಬ್ ಬಾಗ್ಲಲ್ಲಿ ನಿಂತ್ಕೋತಾನೆ ಅಕ್ಕ, ಜಗಳ ಆಗ್ದಂಗೆ ನೋಡ್ಕೋತಾನೆ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

ಭಾನುವಾರ ಬೆಳಗ್ಗೆ ಎಂಟೂವರೆಗೆ, ಅಲ್ಲಿ ನಾಲ್ಕು ಗಂಟೆ, ‘ಮನೆಗೆ ಬಂದೆ’ ಎಂದು ಮೆಸೇಜು ಬರುತ್ತದೆ. ಅದು ಬರುವವರೆಗೆ ನಮ್ಮ ಮನೆಯಲ್ಲಿ ಯಾರೂ ತಿಂಡಿ ತಿನ್ನುವುದಿಲ್ಲ.