ಲಾಳ, ಮಂಜು ಮತ್ತು ಒಂದು ನೋಟ್‌ಬುಕ್

ನಮ್ಮಲ್ಲಿ ಇಬ್ಬರು ಕೆಲಸಕ್ಕಿದ್ದ ಪತ್ರಿಕೆಗೆ ಒಮ್ಮೆ ಕೆರೆ ಏರಿಯ ಬಿರುಕಿನ ಸುದ್ದಿ ಬರೆದುಕೊಟ್ಟೆವು. ಏರಿ ರಿಪೇರಿ ಮಾಡಿದ ಗುತ್ತಿಗೆದಾರರೇ ಪತ್ರಿಕೆಗೆ ಜಾಹೀರಾತು ಕೊಡುವವರು. ಸುದ್ದಿ ಒಳಪುಟಕ್ಕೂ ಬರಲಿಲ್ಲ. ಒಂದು ಸಲ ಕೇಳಿದೆವು, ಬೈಸಿಕೊಂಡೆವು, ಸುಮ್ಮನಾದೆವು. ಸಂಬಳ ಬೇಕಿತ್ತು. ಆ ಮಳೆಗಾಲದಲ್ಲಿ ಏರಿ ಒಡೆದು ಕೆಳಗಿನ ಗದ್ದೆಗಳಲ್ಲಿ ಮರಳು ತುಂಬಿತು.

ಅಂದಿನಿಂದ ನಮ್ಮ ನಡುವೆ ಒಂದೇ ಜಗಳ. ಒಳಗೆ ನಿಜ ಹೇಳಿ, ಹೊರಗೆ ಬಾಯಿ ಮುಚ್ಚಿಕೊಂಡು ಕೆಲಸದಲ್ಲೇ ಉಳಿದವರನ್ನು ಏನೆಂದು ಕರೆಯಬೇಕು? ಈ ಜಗಳದ ನಡುವೆಯೇ ನಮಗೆ ಸಿಕ್ಕಿದವನು ಅರ್ಮಾಂಡ್ ದ ಕೋಲ್ಯಾಂಕೂರ್.

ಈತ ಹುಟ್ಟಿದ್ದು 1773ರಲ್ಲಿ, ಉತ್ತರ ಫ್ರಾನ್ಸಿನ ಹಳೆಯ ಶ್ರೀಮಂತ ಮನೆತನದಲ್ಲಿ. ಊರಿನ ಹೆಸರೇ ಮನೆತನದ ಹೆಸರು. ಹದಿಹರೆಯದಲ್ಲೇ ಸೈನ್ಯ ಸೇರಿದ. ಕ್ರಾಂತಿಯ ಕಾಲದಲ್ಲಿ ಹುಟ್ಟಿದ ಮನೆಯೇ ಅಪರಾಧವಾಗಿ ಸಾಮಾನ್ಯ ಸಿಪಾಯಿಯಾಗಿಯೂ ದುಡಿದ. ನೆಪೋಲಿಯನ್ ಬಂದ ಮೇಲೆ ಚಕ್ರವರ್ತಿಯ ಕುದುರೆ ಲಾಯಗಳ ಮುಖ್ಯಾಧಿಕಾರಿಯಾದ, 1807ರಲ್ಲಿ ರಷ್ಯಾಕ್ಕೆ ರಾಯಭಾರಿಯಾಗಿ ಹೋದ.

ಅಷ್ಟರಲ್ಲಿ ಒಂದು ಕಳಂಕ ಅಂಟಿಕೊಂಡಿತ್ತು. 1804ರಲ್ಲಿ ನೆಪೋಲಿಯನ್ ಗಡಿಯಾಚೆ ಬಾಡೆನ್ ರಾಜ್ಯದಿಂದ ರಾಜವಂಶದ ಆಂಗ್ಯಾನ್ ಡ್ಯೂಕನನ್ನು ಹಿಡಿದು ತರಿಸಿ, ಮಾರ್ಚ್ 21ರಂದು ಗುಂಡಿಕ್ಕಿಸಿದ. ಡ್ಯೂಕನನ್ನು ಹಿಡಿದ ತುಕಡಿ ಬೇರೆಯವರದು. ಆದರೆ ಅದೇ ಹೊತ್ತಿಗೆ ಕೋಲ್ಯಾಂಕೂರ್ ಕೂಡ ಆ ಗಡಿಯಲ್ಲಿ ಬೇರೊಂದು ಆದೇಶದ ಮೇಲಿದ್ದ. ಹಿಡಿದವನು ನಾನಲ್ಲ ಎಂದು ಸಾಯುವವರೆಗೂ ಹೇಳಿದ. ನಂಬದವರು ನಂಬಲಿಲ್ಲ.

1811ರ ಜೂನ್‌ನಲ್ಲಿ ಆತ ಪ್ಯಾರಿಸ್ಸಿಗೆ ವಾಪಸಾದಾಗ ನೆಪೋಲಿಯನ್ ರಷ್ಯಾದ ಮೇಲೆ ಯುದ್ಧಕ್ಕೆ ಸಿದ್ಧನಾಗುತ್ತಿದ್ದ. ಕೋಲ್ಯಾಂಕೂರ್ ಗಂಟೆಗಟ್ಟಲೆ ಎದುರು ನಿಂತು ವಾದಿಸಿದ. ಸಾರ್ ಅಲೆಕ್ಸಾಂಡರ್ ಹಿಂದೆ ಹಿಂದೆ ಸರಿಯುತ್ತಾನೆ, ರಾಜಿಗೆ ಬರುವುದಿಲ್ಲ, ಕೊನೆಗೆ ಅಲ್ಲಿಯ ಚಳಿಯೇ ಯುದ್ಧ ಮಾಡುತ್ತದೆ ಎಂದ. ಸಾರ್ ನಿನ್ನನ್ನು ರಷ್ಯನ್ ಮಾಡಿ ಕಳಿಸಿದ್ದಾನೆ ಎಂಬ ಹಂಗಿಸುವಿಕೆ ಸಿಕ್ಕಿತು. ಆದರೂ 1812ರಲ್ಲಿ ಸೈನ್ಯ ಹೊರಟಾಗ ಈತನೂ ಹೊರಟ. ಸೆಪ್ಟೆಂಬರ್ 7ರಂದು ಬೊರೊಡಿನೊ ಕಾಳಗದಲ್ಲಿ ತಮ್ಮ ಆಗಸ್ಟ್ ಸತ್ತ.

ಮಾಸ್ಕೋದಲ್ಲಿ ಶರತ್ಕಾಲ ಹಿತವಾಗಿತ್ತು. ಎಲ್ಲಿ ನಿನ್ನ ಚಳಿ ಎಂದು ನೆಪೋಲಿಯನ್ ಅಣಕಿಸಿದ. ಅಕ್ಟೋಬರ್ 19ರಂದು ಸೈನ್ಯ ಅಲ್ಲಿಂದ ಕಾಲ್ತೆಗೆಯಿತು, ನವೆಂಬರ್‌ನಲ್ಲಿ ಹಿಮ ಬಿತ್ತು.

ನಮ್ಮನ್ನು ಹಿಡಿದು ನಿಲ್ಲಿಸಿದ್ದು ಇಲ್ಲಿಯ ಒಂದು ಸಣ್ಣ ಸಂಗತಿ. ಮಂಜುಗಟ್ಟಿದ ನೆಲದಲ್ಲಿ ಕುದುರೆ ಜಾರದಿರಲು ಮೊನೆಯುಳ್ಳ ಲಾಳ ಬೇಕು. ಸೈನ್ಯದ ಕುದುರೆಗಳಿಗೆ ಅದು ಇರಲಿಲ್ಲ. ಇಳಿಜಾರಿನಲ್ಲಿ ಜಾರಿ ಬಿದ್ದ ಕುದುರೆ ಏಳುತ್ತಿರಲಿಲ್ಲ. ಅದರ ಹಿಂದೆ ಫಿರಂಗಿ, ಗಾಡಿ, ಗಾಯಾಳುಗಳು ಅಲ್ಲೇ ಉಳಿದರು. ಕೋಲ್ಯಾಂಕೂರ್ ತನ್ನ ವಶದಲ್ಲಿದ್ದ ಅರಮನೆ ಕುದುರೆಗಳಿಗೆ ಮಾತ್ರ ಮೊದಲೇ ಅಂಥ ಲಾಳ ಕಟ್ಟಿಸಿದ್ದ. ಅವು ನಡೆದವು. ಎತ್ತಿಗೆ ಲಾಳ ಕಟ್ಟಿಸುವುದನ್ನು ನೋಡಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಯುದ್ಧ ನಿಲ್ಲಿಸಲು ಆತನಿಂದ ಆಗಲಿಲ್ಲ. ಕೈಯಳತೆಯ ಕೆಲಸ ಮಾಡಿದ್ದ.

ಡಿಸೆಂಬರ್ 5ರಂದು ನೆಪೋಲಿಯನ್ ಸೈನ್ಯವನ್ನು ಬಿಟ್ಟು ಸ್ಮೊರ್ಗೊನ್‌ನಿಂದ ಪ್ಯಾರಿಸ್ಸಿಗೆ ಹೊರಟ. ಜೊತೆಗೆ ಕೋಲ್ಯಾಂಕೂರ್. ಗುರುತು ಸಿಗಬಾರದೆಂದು ಚಕ್ರವರ್ತಿ ಈತನ ಕಾರ್ಯದರ್ಶಿಯ ವೇಷ ಹಾಕಿದ. ಪಕ್ಕಪಕ್ಕ ಕೂತು ಹದಿಮೂರು ದಿನದ ಪ್ರಯಾಣ. ದಾರಿಯುದ್ದಕ್ಕೂ ನೆಪೋಲಿಯನ್ ಮಾತಾಡಿದ. ತಂಗಿದಲ್ಲೆಲ್ಲ ಈತ ಆ ಮಾತುಗಳನ್ನು ಗುರುತು ಹಾಕಿಕೊಂಡ. 18ರ ರಾತ್ರಿ ಅರಮನೆ ತಲುಪಿದಾಗ ಇಬ್ಬರನ್ನೂ ಬಾಗಿಲು ಕಾಯುವವನು ಗುರುತಿಸಲಿಲ್ಲ.

ಎರಡು ದಿನ ಮೊದಲಷ್ಟೇ ಸರ್ಕಾರಿ ಪತ್ರಿಕೆ ಮೋನಿತ್ಯೂರ್‌ನಲ್ಲಿ ಸೈನ್ಯದ 29ನೇ ಪ್ರಕಟಣೆ ಅಚ್ಚಾಗಿತ್ತು. ತಪ್ಪೆಲ್ಲ ಚಳಿಯ ತಲೆಗೆ. ಕೊನೆಯ ಸಾಲಿನಲ್ಲಿ ಚಕ್ರವರ್ತಿಯ ಆರೋಗ್ಯ ಬಹಳ ಚೆನ್ನಾಗಿದೆ ಎಂಬ ಸಮಾಚಾರ. ಲಾಳದ ಸಂಗತಿ, ಎಚ್ಚರಿಸಿದವರ ಸಂಗತಿ ಅದರಲ್ಲಿರಲಿಲ್ಲ. ಅದು ಇದ್ದದ್ದು ಕೋಲ್ಯಾಂಕೂರನ ಟಿಪ್ಪಣಿಗಳಲ್ಲಿ.

1827ರಲ್ಲಿ ಆತ ಸತ್ತ. ಬರೆದಿಟ್ಟ ನೆನಪುಗಳು ಮನೆಯಲ್ಲೇ ಉಳಿದವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಆ ಮನೆಯನ್ನು ಸಿಡಿಸಿ ಕೆಡವಿತು. ಅವಶೇಷಗಳ ನಡುವೆ ಕಬ್ಬಿಣದ ಪೆಟ್ಟಿಗೆಯಲ್ಲಿ ಹಸ್ತಪ್ರತಿ ಸಿಕ್ಕಿತು. ಅಚ್ಚಾದದ್ದು 1933ರಲ್ಲಿ. ನೂರು ವರ್ಷ ದಾಟಿತ್ತು.

ನಮ್ಮ ಜಗಳ ಇದರಿಂದ ಮುಗಿಯಲಿಲ್ಲ. ಒಬ್ಬರಿಗೆ ಆತ ಪ್ರಾಮಾಣಿಕ. ಇನ್ನೊಬ್ಬರ ಪ್ರಶ್ನೆ ಬೇರೆ: ಗೊತ್ತಿದ್ದೂ ಜೊತೆಗೆ ಹೋದನಲ್ಲ, ಹಿಮದಲ್ಲಿ ಬಿದ್ದ ಸಿಪಾಯಿಗೆ ಆತನ ನೋಟ್‌ಬುಕ್‌ನಿಂದ ಏನು ಸಿಕ್ಕಿತು? ಏನೂ ಸಿಗಲಿಲ್ಲ. ಮರಳು ತುಂಬಿದ ಗದ್ದೆಯವರಿಗೂ ನಮ್ಮ ನೋಟ್‌ಬುಕ್‌ನಿಂದ ಇದುವರೆಗೆ ಏನೂ ಸಿಕ್ಕಿಲ್ಲ.

ಆದರೆ ನಾವಿನ್ನೂ ಬದುಕಿದ್ದೇವೆ, ಆ ರೈತರೂ ಇದ್ದಾರೆ, ಪರಿಹಾರದ ಅರ್ಜಿಗಳೂ ಇನ್ನೂ ಬಾಕಿ ಇವೆ. ಬಿರುಕು ನೋಡಿದ ದಿನ, ಅಳತೆ, ಅಂದು ಯಾರು ಏನು ಹೇಳಿದರು ಎಲ್ಲವೂ ಆ ಪುಟದಲ್ಲಿದೆ. ಮುಂದಿನ ವಾರ ಅದನ್ನು ತಾರೀಖು ಸಮೇತ ಇಲ್ಲೇ ಹಾಕುತ್ತೇವೆ. ತಡವಾಯಿತು, ಗೊತ್ತು.