ಹಾಂಗ್‌ಕಾಂಗಿಗೆ ಹೊರಡುವ ಮುನ್ನ

ಮಂಗಳೂರಿನ ಹಳೆ ಬಂದರಿಗೆ ಸಮೀಪದ ಆ ಮನೆಯಲ್ಲಿ ಹಾಂಗ್‌ಕಾಂಗ್ ಎಂಬ ಹೆಸರು ಹೊಸತಲ್ಲ. ಮನೆಯ ಹಿರಿಯರು ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಸರಕು ಹಡಗೊಂದರ ಖಲಾಸಿಯಾಗಿ ಆ ಬಂದರನ್ನು ಕಂಡವರು. 1974ರ ಮಾರ್ಚ್ ತಿಂಗಳಲ್ಲಿ ಅವರ ಹಡಗು ಅಲ್ಲಿ ಒಂಬತ್ತು ದಿನ ಲಂಗರು ಹಾಕಿ ನಿಂತಿತ್ತು. ದಡಕ್ಕಿಳಿಯಲು ಅವರಿಗೆ ದೊರೆತದ್ದು ಒಂದು ಮಧ್ಯಾಹ್ನ ಮಾತ್ರ. ಆ ಒಂದು ಮಧ್ಯಾಹ್ನದ ಕಥೆಯನ್ನು ಕೇಳುತ್ತಲೇ ಮಕ್ಕಳು ಬೆಳೆದಿದ್ದರು, ಮೊಮ್ಮಕ್ಕಳೂ ಬೆಳೆದರು. ಆದರೆ ಆ ನಗರವನ್ನು ಮತ್ತೊಮ್ಮೆ ನೋಡಬೇಕೆಂದು ಅವರು ಬಾಯಿಬಿಟ್ಟು ಹೇಳಿದ್ದು ಈಚೆಗೆ, ಕಣ್ಣಿನ ವೈದ್ಯರನ್ನು ಕಂಡು ಬಂದ ಸಂಜೆ. ನೋಟದ ಅಂಚುಗಳು ಮಸುಕಾಗುತ್ತಿವೆ, ಹೋದ ದೃಷ್ಟಿ ಮರಳಿ ಬಾರದು, ಉಳಿದುದನ್ನು ಔಷಧದಿಂದ ಆದಷ್ಟು ಕಾಪಾಡಿಕೊಳ್ಳಬೇಕು ಎಂದು ವೈದ್ಯರು ತಿಳಿಸಿದ್ದರು.

ಏರ್ಪಾಡಿನ ಹೊಣೆ ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮೊಮ್ಮಗಳ ಮೇಲೆ ಬಿತ್ತು. ಕಾಗದಪತ್ರದ ಕೆಲಸ ಹೆಚ್ಚೇನೂ ಇರಲಿಲ್ಲ. ಹದಿನಾಲ್ಕು ದಿನಗಳೊಳಗಿನ ಭೇಟಿಗೆ ಭಾರತೀಯರು ಮುಂಚಿತವಾಗಿ ಹೆಸರು ನೋಂದಾಯಿಸಿಕೊಳ್ಳಬೇಕೆಂಬ ನಿಯಮ 2017ರಿಂದ ಜಾರಿಯಲ್ಲಿದೆ; ಅದು ಒಂದು ಸಂಜೆಯಲ್ಲಿ ಮುಗಿಯಿತು. ತೊಡಕು ಹುಟ್ಟಿದ್ದು ಋತುವಿನ ವಿಷಯದಲ್ಲಿ. ಆ ಊರಿಗೆ ಹೋಗಲು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಕಾಲವೇ ಲೇಸೆಂದು ಪ್ರವಾಸದ ಪುಸ್ತಕಗಳೆಲ್ಲ ಹೇಳುತ್ತವೆ. ಆಗ ಆಕಾಶ ತಿಳಿಯಾಗಿರುತ್ತದೆ, ಗಾಳಿ ಒಣಗಿರುತ್ತದೆ. ವಸಂತದ ಮಾತು ಬೇರೆ. ಚಳಿಗಾಲವಿಡೀ ಬೀಸಿದ ಈಶಾನ್ಯದ ಗಾಳಿಯಿಂದ ಚೀನದ ಕರಾವಳಿಯ ನೀರು ತಣ್ಣಗಾಗಿರುತ್ತದೆ. ಫೆಬ್ರುವರಿ ಕಳೆದು ದಕ್ಷಿಣದ ಕಡಲಿನಿಂದ ಬೆಚ್ಚನೆಯ ತೇವದ ಗಾಳಿ ಬಂದು ಆ ತಣ್ಣೀರಿನ ಮೇಲೆ ಹಾದಾಗ ಮಂಜು ಹುಟ್ಟಿ, ಬಂದರನ್ನೂ ಬೆಟ್ಟಗಳನ್ನೂ ಮುಚ್ಚುತ್ತದೆ. ಮನೆಗಳ ಗೋಡೆಗಳು ಬೆವರುತ್ತವೆ. ಒಗೆದ ಬಟ್ಟೆ ದಿನವೆರಡಾದರೂ ಒಣಗುವುದಿಲ್ಲ. ಆಷಾಢದ ಮಂಗಳೂರನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

“ಅಪ್ಪ, ನವೆಂಬರ್‌ವರೆಗೆ ಕಾಯೋಣ. ಅಷ್ಟು ದೂರ ಹೋಗಿ ಮಂಜನ್ನು ನೋಡಿ ಬರುವುದೇಕೆ?” ಎಂದು ಮಗ ಹೇಳಿದ. ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ನವೆಂಬರಿಗೆ ಇನ್ನೂ ಒಂಬತ್ತು ತಿಂಗಳಿದ್ದವು. ಆ ಒಂಬತ್ತು ತಿಂಗಳಲ್ಲಿ ಕಣ್ಣಿನ ಪಾಡು ಏನಾದೀತೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅಜ್ಜ ಮಾತ್ರ ನಕ್ಕರು. ಹಡಗಿನವನಿಗೆ ಮಂಜು ಹೊಸತೇ? ಕಣ್ಣು ಸೋತಲ್ಲಿ ಅವನು ಕಿವಿಯಿಂದ ನೋಡುತ್ತಾನೆ. ಮುಂದೆ ಸಾಗುತ್ತಿರುವ ಹಡಗು ಎರಡು ನಿಮಿಷಕ್ಕೆ ತಪ್ಪದಂತೆ ಒಂದು ದೀರ್ಘ ಕೂಗು ಹಾಕಬೇಕು. ಲಂಗರು ಹಾಕಿರದೆ, ಚಲನೆಯನ್ನಷ್ಟೇ ನಿಲ್ಲಿಸಿ ತೇಲುತ್ತಿರುವುದು ಎರಡು ದೀರ್ಘ ಕೂಗು ಹಾಕಬೇಕು. ಲಂಗರು ಹಾಕಿರುವುದು ನಿಮಿಷಕ್ಕೊಮ್ಮೆ ಐದು ಸೆಕೆಂಡು ಬಿರುಸಾಗಿ ಗಂಟೆ ಬಾರಿಸಬೇಕು. 1974ರಲ್ಲಿ ಮೊದಲ ಮೂರು ದಿನ ಅವರು ಹಾಂಗ್‌ಕಾಂಗನ್ನು ಕೇಳಿದ್ದರೇ ಹೊರತು ಕಂಡಿರಲಿಲ್ಲ. ನಾಲ್ಕನೆಯ ಬೆಳಗ್ಗೆ ಗಂಟೆ ಬಾರಿಸುತ್ತ ನಿಂತಿದ್ದಾಗ ಮಂಜು ಮೇಲೆದ್ದಿತು. ಮೊದಲು ಹಾಯಿದೋಣಿಗಳು, ಆಮೇಲೆ ದಡದ ಕಟ್ಟಡಗಳ ಸಾಲು, ಕೊನೆಗೆ 552 ಮೀಟರ್ ಎತ್ತರದ ವಿಕ್ಟೋರಿಯಾ ಶಿಖರ. “ಅದು ಮೊದಲೇ ಅಲ್ಲಿತ್ತು ಮಗಾ, ನಮಗೆ ಕಂಡಿರಲಿಲ್ಲ ಅಷ್ಟೆ. ಇನ್ನೊಮ್ಮೆ ಅದನ್ನೇ ನೋಡಬೇಕು” ಎಂದರು. ಮಗ ಮತ್ತೆ ನವೆಂಬರಿನ ಮಾತೆತ್ತಲಿಲ್ಲ. ಮಾರ್ಚ್ ಕೊನೆಯ ವಾರಕ್ಕೆ ಟಿಕೇಟು ಗೊತ್ತಾಯಿತು.

ಇನ್ನು ನಕಾಶೆಯ ಕೆಲಸ. ಊಟದ ಮೇಜಿನ ಮೇಲೆ ಅದನ್ನು ಹರಡಿ ಅಜ್ಜ ಹೇಳಿದ ಸ್ಥಳಗಳನ್ನು ಹುಡುಕತೊಡಗಿದಾಗ, ಮೊಮ್ಮಗಳಿಗೆ ಒಂದೊಂದೂ ಕೈಕೊಟ್ಟಿತು. ಕೌಲೂನಿನ ದಡದಲ್ಲಿ ಗಡಿಯಾರ ಗೋಪುರದ ಪಕ್ಕ ರೈಲು ನಿಲ್ದಾಣವಿದೆ ಎಂದರು ಅಜ್ಜ. ಗೋಪುರವೇನೋ ಇತ್ತು, ನಿಲ್ದಾಣ 1975ರಲ್ಲೇ ಬೇರೆಡೆಗೆ ಹೋಗಿ, ಹಳೆಯ ಕಟ್ಟಡವನ್ನು 1978ರಲ್ಲಿ ಕೆಡವಲಾಗಿತ್ತು. ಮನೆಗಳ ಮಾಡಿಗೆ ತಾಗುವಂತೆ ವಿಮಾನಗಳು ಇಳಿಯುತ್ತಿದ್ದ ಕೈ ಟಾಕ್ ನಿಲ್ದಾಣ 1998ರಲ್ಲಿ ಮುಚ್ಚಿತು. ಎದುರು ದಡದಲ್ಲಿ ಅವರು ದೋಣಿಯಿಂದ ಇಳಿದ ಕಟ್ಟೆ ಇದ್ದ ಕಡೆ ಈಗ ನೆಲವೇ ಇದೆ. ಬೆಟ್ಟಕ್ಕೂ ಕಡಲಿಗೂ ನಡುವೆ ಇಕ್ಕಟ್ಟಾದ ಆ ಊರು ಹತ್ತೊಂಬತ್ತನೆಯ ಶತಮಾನದಿಂದಲೂ ಕಡಲಿಗೆ ಮಣ್ಣು ತುಂಬಿ ತನ್ನನ್ನು ಬೆಳೆಸಿಕೊಂಡಿದೆ. ಹಾಗೆ ತುಂಬುತ್ತ ಹೋದರೆ ಬಂದರೇ ಉಳಿಯದೆಂದು ಎಚ್ಚೆತ್ತು, 1997ರಲ್ಲಿ ಬಂದರನ್ನು ರಕ್ಷಿಸುವ ಕಾನೂನನ್ನು ಮಾಡಿದರು. ಅಷ್ಟರಲ್ಲಿ ನೀರಿನ ಹರವು ಬಹಳ ಕಿರಿದಾಗಿತ್ತು. ಆ ಹಳೆಯ ಕಟ್ಟೆಯನ್ನು 2006ರಲ್ಲಿ ಕೆಡವಹೊರಟಾಗ ಪ್ರತಿಭಟಿಸಿದವರಲ್ಲಿ ಅನೇಕರು ಯುವಕರು.

ಮೊಮ್ಮಗಳು ಇದನ್ನೆಲ್ಲ ಅಳುಕುತ್ತಲೇ ಓದಿ ಹೇಳಿದಳು. ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ದೋಣಿ ಇದೆಯೋ?” ಎಂದು ಕೇಳಿದರು.

ದೋಣಿ ಇತ್ತು. ಹಸಿರು ಬಿಳಿ ಬಣ್ಣದ ಸ್ಟಾರ್ ಫೆರಿ ದೋಣಿಗಳು ಇಂದಿಗೂ ಎರಡು ದಡಗಳ ನಡುವೆ ಓಡಾಡುತ್ತಿವೆ. ಈ ಸೇವೆಯನ್ನು 1888ರಲ್ಲಿ ಆರಂಭಿಸಿದವರು ದೊರಾಬ್ಜಿ ನವರೋಜಿ ಮಿಠಾಯಿವಾಲಾ ಎಂಬ ಪಾರ್ಸಿ ಗೃಹಸ್ಥರೆಂದು ತಿಳಿದು ಅಜ್ಜನಿಗೆ ಎಲ್ಲಿಲ್ಲದ ಹಿಗ್ಗು. ದೋಣಿಗೆ ಹಿಂದುಮುಂದೆಂಬುದಿಲ್ಲ, ತಿರುಗದೆಯೇ ಮರಳುತ್ತದೆ. ಹತ್ತಿದವರು ಆಸನದ ಬೆನ್ನನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿ ಕೂರುತ್ತಾರೆ. 1966ರಲ್ಲಿ ಇದರ ಮೇಲಂತಸ್ತಿನ ದರವನ್ನು 20 ಸೆಂಟಿನಿಂದ 25ಕ್ಕೆ ಏರಿಸಹೊರಟಾಗ, ಏಪ್ರಿಲ್ 4ರಂದು ಯುವಕನೊಬ್ಬ ದೋಣಿಕಟ್ಟೆಯಲ್ಲಿ ಉಪವಾಸ ಕುಳಿತ. ಅವನ ಬಂಧನದ ಬೆನ್ನಿಗೇ ನಗರದಲ್ಲಿ ಗಲಭೆಗಳೆದ್ದವು. ಐದು ಸೆಂಟು ಅಲ್ಪವೆಂದು ದಿನಗೂಲಿಯವರು ಹೇಳಲಾರರು.

ಹೀಗೆ ಯೋಜನೆ ರೂಪುಗೊಂಡಿತು. ಐದು ದಿನಗಳಲ್ಲಿ ಐದು ಬೆಳಗುಗಳೂ ದೋಣಿಗೆ ಮೀಸಲು. ಯಾವ ಬೆಳಗ್ಗೆ ಮಂಜು ಏಳುವುದೋ ಯಾರು ಬಲ್ಲರು? ಶಿಖರಕ್ಕೆ ಒಯ್ಯುವ ಟ್ರಾಮಿಗೆ ದಿನ ಗೊತ್ತುಮಾಡಲಿಲ್ಲ. ಪೂರ್ವಜರ ಸಮಾಧಿಗಳನ್ನು ಗುಡಿಸಿ ಪೂಜಿಸುವ ಚಿಂಗ್ ಮಿಂಗ್ ಹಬ್ಬ ಏಪ್ರಿಲ್ ಮೊದಲ ವಾರದಲ್ಲಿ ಬರುವುದರಿಂದ, ಆ ಜನಸಂದಣಿಗೆ ಮುಂಚೆಯೇ ಮರಳುವುದೆಂದಾಯಿತು. ಒಂದು ಮಧ್ಯಾಹ್ನ ಬೂರುಗದ ಮರಗಳಿಗಾಗಿ. ನಮ್ಮ ಕಾಡುಗಳ ಅದೇ ಕೆಂಪು ಬೂರುಗ ಅಲ್ಲಿಯ ಬೀದಿಬದಿಯಲ್ಲಿ ಮಾರ್ಚ್‌ನಲ್ಲಿ ಅರಳುತ್ತದೆ. ಉದುರಿದ ಹೂಗಳನ್ನು ಆಯ್ದು ಒಣಗಿಸಿ, ಐದು ಹೂಗಳ ಕಷಾಯಕ್ಕೆ ಬಳಸುತ್ತಾರೆ. ಅಷ್ಟು ದೊಡ್ಡ ಕೆಂಪು ಹೂವು ಅಜ್ಜನ ಕಣ್ಣಿಗೆ ಕಾಣದಿರದೆಂಬುದು ಮೊಮ್ಮಗಳ ಲೆಕ್ಕ. ಅದನ್ನು ಅವಳು ಅಜ್ಜನಿಗೆ ಹೇಳಲಿಲ್ಲ.

ಎಲ್ಲವನ್ನೂ ಬರೆದು ಮುಗಿಸಿ ಅವಳು ಓದಿ ಹೇಳಿದಳು. ಅಜ್ಜ ಒಂದೇ ಒಂದು ತಿದ್ದುಪಡಿ ಮಾಡಿದರು. ದೋಣಿಯ ಮೇಲಂತಸ್ತು ಎಂದು ಅವಳು ಬರೆದಿದ್ದಳು. ಅವರು ಕೆಳ ಅಂತಸ್ತು ಬೇಕೆಂದರು. ಅಂದು ಕಿಸೆಯಲ್ಲಿದ್ದ ಕಾಸಿಗೆ ಅಷ್ಟೇ ದೊರಕಿತ್ತು. ನೀರು ಅಲ್ಲಿಗೆ ಹತ್ತಿರ. ಯಂತ್ರದ ಸದ್ದೂ ಕೇಳುತ್ತದೆ.