ಹಳೇ ಎಂಟ್ನೂರಕ್ಕ ಮೊದಲ ಯಾವ ಕೆಲಸ?



ಕಡ್ಲಿ ರಾಶಿ ಮುಗಿದು, ಹೆಸರು ಬಿತ್ತಾಕ ಮಳಿ ಬರೂ ತನಕ ನಮ್ಮ ನವಲಗುಂದ, ಅಣ್ಣಿಗೇರಿ ಕಡೆ ಓಣಿಗೊಂದು ಹಳೇ ಗಾಡಿ ಬಾನೆಟ್ ತೆರೆದು ನಿಂತಿರ್ತೈತಿ. ಟ್ರ್ಯಾಕ್ಟರ್ ಬಿಚ್ಚಿ ಕೂಡ್ಸೂ ಹುಡುಗರಿಗೆ ಕಾರೇನ ದೊಡ್ಡದಲ್ಲ. ಈ ಸಲದ ಟಿಪ್ಪಣಿ ಹೊಲದ್ದಲ್ಲ, ನಮ್ಮ ಅಂಗಳದಾಗಿನ ಮಾರುತಿ 800ರದು.

ನಮ್ಮ ಅವ್ವಗ ವಾರಕ್ಕ ಎರಡು ಸಲ ಹುಬ್ಬಳ್ಳಿಗೆ ಡಯಾಲಿಸಿಸ್‌ಗೆ ಹೋಗಬೇಕು. ಬಾಡಿಗಿ ಗಾಡಿ ಒಂದು ಸಲಕ್ಕ 1,800 ರೂಪಾಯಿ. ತಿಂಗಳಿಗೆ ಲೆಕ್ಕ ಹಾಕ್ರಿ, ಹದಿನಾಲ್ಕು ಸಾವಿರ ದಾಟತೈತಿ. ಮಳಿಗಾಲದಾಗ ಬೆಣ್ಣಿಹಳ್ಳ ಬಂತಂದ್ರ ಬಾಡಿಗಿಯವರು ಫೋನ್ ಎತ್ತೂದೇ ಇಲ್ಲ. ಅದಕ್ಕ ತಮ್ಮನ ಮಗ 2008ರ ಮಾಡಲ್ ಗಾಡಿ ಒಂದನ್ನ 38,000ಕ್ಕ ತಂದ. ರಿಪೇರಿಗೆ ಅಂತ ಮನ್ಯಾಗ ತೆಗೆದಿಟ್ಟಿದ್ದು 22,000. ಆ ರೊಕ್ಕ ಎಲ್ಲಿಗೆ ಹೋಗಬೇಕು ಅನ್ನೂದರ ಮ್ಯಾಲ ನಮ್ಮಿಬ್ಬರ ಜಗಳ ಶುರುವಾತು.

"ದೊಡ್ಡಪ್ಪ, ದೊಡ್ಡ ಟೈರ್ ಹಾಕಿ ಎರಡು ಇಂಚು ಎತ್ತರ ಮಾಡೋಣ. ಎರಿ ಹೊಲದ ದಾರಿಗೆ ಬೇಕಾಗತೈತಿ," ಅಂದ.

"ಎತ್ತರ ಮಾಡೂದು ಆಮ್ಯಾಲ. ಮೊದಲ ಇದು ನಿಲ್ತೈತೇನು ನೋಡು," ಅಂದೆ ನಾನು.

ಅವನ ಮಾತು ಪೂರಾ ಸುಳ್ಳಲ್ಲ. ನಮ್ಮ ಎರಿ ಮಣ್ಣು ಹಸಿಯಾತಂದ್ರ ಗಾಲಿಗೆ ರೊಟ್ಟಿ ಹಿಟ್ಟಿನಂಗ ಅಂಟತೈತಿ. ಆದ್ರ 800ಕ್ಕ 12 ಇಂಚಿನ ರಿಮ್ಮು, 796 ಸಿಸಿ ಇಂಜಿನ್, 37 ಕುದುರೆ ಶಕ್ತಿ. ದೊಡ್ಡ ಟೈರ್ ಹಾಕಿದ್ರ ಪಿಕಪ್ ಬೀಳತೈತಿ, ಮಡ್‌ಗಾರ್ಡಿಗೆ ತಿಕ್ಕತೈತಿ, ಬ್ರೇಕಿಗೂ ಭಾರ. ಇನ್ನೊಂದು, ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಐತಿ. ಕಂಪನಿ ಕೊಟ್ಟ ಮೂಲ ವಿವರಕ್ಕ ವಿರುದ್ಧ ಗಾಡಿ ಬದಲು ಮಾಡಬಾರದು ಅಂತ 2019ರ ಜನವರಿಯಾಗ ಸುಪ್ರೀಂ ಕೋರ್ಟೂ ಹೇಳಿತು. ನಾಳೆ ಏನರ ಆದ್ರ ಇನ್ಶೂರೆನ್ಸಿನವರು ಅದನ್ನ ಹಿಡಕೊಂಡು ಕೂಡ್ತಾರ.

ಕೊಳ್ಳೂ ಮೊದಲ ಎರಡು ಪರೀಕ್ಷೆ ಮಾಡಿದ್ವಿ. ಒಂದು, ಬಟ್ಟಿ ಸುತ್ತಿದ ಅಯಸ್ಕಾಂತ ಹಿಡಿದು ಬಾಗಿಲ ಕೆಳಗ, ಮಡ್‌ಗಾರ್ಡ್ ಅಂಚಿಗೆ ಸರಿಸಿದ್ವಿ. ಹತ್ತಲಿಲ್ಲ ಅಂದ್ರ ಅಲ್ಲಿ ತಗಡಿಲ್ಲ, ಬರೇ ಪುಟ್ಟಿ. ಎರಡು, ಆಯಿಲ್ ಹಾಕೂ ಮುಚ್ಚಳ ತೆಗೆದು ನೋಡಿದ್ವಿ. ಒಳಗ ಹಾಲಿನ ಕೆನಿಯಂಗ ಬೆಳ್ಳಗಿದ್ರ ಆಯಿಲ್‌ಗೆ ನೀರು ಸೇರಿರಬಹುದು, ಹೆಡ್ ಗ್ಯಾಸ್ಕೆಟ್ ಮ್ಯಾಲ ಸಂಶಯ ಇಡ್ರಿ. ಆರ್‌ಸಿ ಪುಸ್ತಕಾನೂ ನೋಡ್ರಿ. ಖಾಸಗಿ ಕಾರಿಗೆ ಮೊದಲು 15 ವರ್ಷ, ಆಮ್ಯಾಲ ಐದೈದು ವರ್ಷ. 2022ರ ಏಪ್ರಿಲ್‌ನಿಂದ ಆ ನವೀಕರಣದ ಫೀ 600 ಇದ್ದದ್ದು 5,000 ಆತು. ನಮ್ಮ ಗಾಡಿದು 2028ರ ತನಕ ಮುಗಿಸಿಟ್ಟಿದ್ರು, ಆ ಖರ್ಚು ಉಳೀತು.

ಕೆಲಸಕ್ಕ ಇಳಿದ ಮ್ಯಾಲ ಮೊದಲ ಬ್ರೇಕ್. ಹಿಂದಿನ ಎರಡೂ ಡ್ರಮ್ ಬಿಚ್ಚಿದ್ವಿ. ಎಡಗಡೆ ವೀಲ್ ಸಿಲಿಂಡರ್ ಸೋರಿ, ಲೈನರ್ ಎಲ್ಲಾ ಜಿಡ್ಡು. ಎಣ್ಣಿ ಕುಡಿದ ಲೈನರ್ ಎಷ್ಟು ತಿಕ್ಕಿದ್ರೂ ಬರೂದಿಲ್ಲ, ಬದಲಿ ಮಾಡಬೇಕು. ಹಳೇ ಬ್ರೇಕ್ ಆಯಿಲ್ ಪೂರಾ ತೆಗೆದು ಹೊಸದು ಹಾಕಿ ಗಾಳಿ ಬಿಡಿಸಿದ್ವಿ. ಅದು ವರ್ಷಗಟ್ಟಲೆ ಹವಾದಾಗಿನ ತೇವ ಹೀರತೈತಿ. ನೀರು ಸೇರಿದ ಆಯಿಲ್ ಕಾದಾಗ ಕುದಿತೈತಿ, ಪೆಡಲ್ ಮೆತ್ತಗ ಒಳಗ ಹೋಗತೈತಿ.

ಗಾಡಿ ಕೆಳಗ ಹೋಗೂವಾಗ ಒಂದು ಮಾತು. ಬರೇ ಜಾಕ್ ನಂಬಿ ಮೈ ಒಳಗ ಹಾಕಬ್ಯಾಡ್ರಿ. ನಮ್ಮ ಅಂಗಳದ ಎರಿ ಮಣ್ಣಿನಾಗ ಜಾಕಿನ ಕಾಲು ಸದ್ದಿಲ್ಲದ ಇಳಿತೈತಿ. ದಪ್ಪ ಹಲಿಗಿ ಹಾಸಿ, ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಉಳಿದ ಗಾಲಿಗೆ ಕಲ್ಲು ಇಡ್ರಿ. ಸಿಮೆಂಟ್ ಬ್ಲಾಕ್ ಇಟ್ಟರ ಒಮ್ಮೆಲೆ ಒಡೀತೈತಿ.

ಎರಡನೇದು ಕೂಲಿಂಗ್. ಈ ಇಂಜಿನ್ನಿನ ಹೆಡ್ ಅಲ್ಯೂಮಿನಿಯಂದು. ಒಂದು ಸಲ ಬಿಸಿ ಮಿತಿ ಮೀರಿದ್ರ ಸೊಟ್ಟ ಆಗತೈತಿ. ರೇಡಿಯೇಟರ್ ತೊಳಿಸಿ, ಹೋಸ್ ಮತ್ತ ಥರ್ಮೋಸ್ಟಾಟ್ ಹೊಸದು ಹಾಕಿದ್ವಿ. ಟೈಮಿಂಗ್ ಬೆಲ್ಟಿನ ವಯಸ್ಸು ಯಾರಿಗೂ ಗೊತ್ತಿರಲಿಲ್ಲ, ಅದನ್ನೂ ಬದಲಿ ಮಾಡಿದ್ವಿ.

ಮೂರನೇದು ಲೈಟ್. ರಾತ್ರಿ ಎಂಟಕ್ಕ ಹುಬ್ಬಳ್ಳಿ ಬಿಟ್ಟರ ಕಬ್ಬಿನ ಟ್ರ್ಯಾಕ್ಟರ್ ಹಿಂದ ಲೈಟ್ ಇಲ್ಲದ ನಿಂತಿರ್ತಾವ. ಹುಡುಗ 100 ವ್ಯಾಟಿನ ಬಲ್ಬ್ ಹಾಕೋಣ ಅಂದ. ಅದು ಹೋಲ್ಡರ್ ಸುಡತೈತಿ, ಎದುರಿನವನ ಕಣ್ಣೂ ಕುಕ್ಕತೈತಿ. ಅದರ ಬದಲಿ ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆದು, ಫ್ಯೂಸ್ ಕೊಟ್ಟು, ರಿಲೇ ಹಾಕಿದ್ವಿ. 60 ವ್ಯಾಟಿನ ಎರಡು ಬಲ್ಬಿಗೆ ಸುಮಾರು 10 ಆಂಪಿಯರ್ ಬೇಕು. ಹಳೇ ಸ್ವಿಚ್ಚಿನಾಗ ಅದರ ಒಂದು ಪಾಲು ಕಳೆದು ಹೋಗ್ತಿತ್ತು. ಬಲ್ಬ್ ಅದೇ, ಬೆಳಕು ಬ್ಯಾರೆ.

ಖರ್ಚು ಇಷ್ಟು: ಬ್ರೇಕ್ 4,600. ಕೂಲಿಂಗ್ 3,200. ಬೆಲ್ಟ್ 1,800. ಮೂಲ ಅಳತೆಯ ನಾಲ್ಕು ಟೈರ್ 9,200. ಲೈಟ್ 700. ತಗಡು ಬೆಸುಗಿ, ರೆಡ್ ಆಕ್ಸೈಡ್ ಸೇರಿ 2,500. ಒಟ್ಟು 22,000 ಸರಿಗೆ ಸರಿ.

ತುಕ್ಕಿಂದು ಒಂಚೂರು ಬಿಡಿಸಿ ಹೇಳತೀನಿ. ಮಡ್‌ಗಾರ್ಡ್ ಒಳಗ ಕೂತ ಎರಿ ಮಣ್ಣು ಮ್ಯಾಲ ಒಣಗಿದಂಗ ಕಂಡ್ರೂ ಒಳಗ ವಾರಗಟ್ಟಲೆ ಹಸಿ ಹಿಡಿದಿರತೈತಿ. ತಗಡು ತಿನ್ನೂದು ಅಲ್ಲೇ. ಹೊಲದ ದಾರಿ ತುಳಿದ ದಿನಾನ ಔಷಧ ಹೊಡೆಯೂ ಪಂಪಿಗೆ ಬರೇ ನೀರು ಹಾಕಿ ಹೊಡೀರಿ, ಆದ್ರ ಡ್ರಮ್ ಚೊಲೋ ತೊಳಕೊಂಡಿರಬೇಕು. ಬಾಗಿಲ ಕೆಳಗಿನ ಸಣ್ಣ ತೂತು ಕಡ್ಡಿಯಿಂದ ಬಿಡಿಸ್ರಿ. ಕೆಲವರು ಸುಟ್ಟ ಇಂಜಿನ್ ಆಯಿಲ್ ಬಳೀತಾರ. ಅದು ತಗಡಿಗೆ ಸ್ವಲ್ಪ ಉಪಕಾರ ಮಾಡಿದ್ರೂ ರಬ್ಬರ್ ಬುಷ್, ಬ್ರೇಕ್ ಹೋಸ್ ಉಬ್ಬಿಸಿ ಕೆಡಸತೈತಿ.

ಇಷ್ಟೆಲ್ಲಾ ಆದ ಮ್ಯಾಲೂ ಅವ್ವಗ ಒಂದು ತ್ರಾಸ ಉಳೀತು. ಸೀಟು ತಗ್ಗು. ಡಯಾಲಿಸಿಸ್ ಮುಗಿಸಿ ಬಂದಾಗ ಅಕಿಗೆ ಏಳಾಕ ಆಗೂದಿಲ್ಲ. ಸೀಟಿನ ಬೋಲ್ಟ್ ಎಬ್ಬಿಸಿ ಎತ್ತರ ಮಾಡಬಹುದಿತ್ತು, ಆದ್ರ ಅಪಘಾತದಾಗ ಹಿಡಿಯೂದು ಆ ಬೋಲ್ಟೇ. ಹುಡುಗ ತಾನ ವಿಚಾರ ಮಾಡಿ, ನಮ್ಮ ಹೊಲದ ಹತ್ತಿ ಗಟ್ಟಿಯಾಗಿ ತುಂಬಿ ಮೂರು ಇಂಚಿನ ಗಾದಿ ಹೊಲಿಸಿದ. ಬೆಲ್ಟ್ ಮೊದಲಿನಂಗ ಹತ್ತತೈತಿ. "ಆಯಿ, ಈಗ ಎದ್ದು ನೋಡು," ಅಂದ. ಅಕಿ ಬಾಗಿಲ ಹಿಡಕೊಂಡು ಒಬ್ಬಾಕಿನ ಎದ್ದಳು. ಎತ್ತರ ಮಾಡೂ ಹಟ ಅವತ್ತಿಗೆ ಬಿಟ್ಟಾನ.

ಈಗ ಹೋಗಿ ಬರಾಕ ಐದು ಲೀಟರ್ ಪೆಟ್ರೋಲು. ಮಳಿ ಬೀಳೂದರೊಳಗ ಇನ್ನೊಂದು ಕೆಲಸ ಬಾಕಿ ಐತಿ: ಇಲಿ. ಕಡ್ಲಿ ಚೀಲ ಇಟ್ಟ ಮನಿ ಹತ್ತಿರ ಗಾಡಿ ನಿಲ್ಲಿಸಿದ್ರ ವೈರ್ ಕಡೀತಾವ. ನೀವು ಏನ ಉಪಾಯ ಮಾಡೀರಿ, ಬರೀರಿ.